ಆರ್ಮ್‌ನಲ್ಲಿ ಮಾತ್ರ ಕೆಡುತ್ತಿದ್ದ ರಿಂಗ್ ಬಫರ್: ಸರಿಯಾದದ್ದು ಹೀಗೆ

ಕಾರವಾರದಲ್ಲಿ ಉಬ್ಬರ-ಇಳಿತ ಅಳೆಯಲು ಇಟ್ಟ ನಾಲ್ಕು ಕೋರಿನ ಆರ್ಮ್64 ಪ್ರೊಸೆಸರ್ ಇರುವ ಬೋರ್ಡ್. ಲಿನಕ್ಸ್ ಡ್ರೈವರಿನ ರಿಂಗ್ ಬಫರಿನಿಂದ (ತುದಿ ಮುಟ್ಟಿದರೆ ಮತ್ತೆ ಮೊದಲಿನಿಂದ ತುಂಬುವ ತಾತ್ಕಾಲಿಕ ಸಂಗ್ರಹ) ಆಗೊಮ್ಮೆ ಈಗೊಮ್ಮೆ ಹಳೆಯ ಅಳತೆಯೇ ಮತ್ತೆ ಬರುತ್ತಿತ್ತು. ಎಕ್ಸ್86 (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್) ಲ್ಯಾಪ್‌ಟಾಪಿನಲ್ಲಿ ಅದೇ ಕೋಡಿಗೆ ಏನೂ ತೊಂದರೆಯಿಲ್ಲ.

ಬರೆಯುವ ಕೋರ್ ಮೊದಲು ಡೇಟಾ, ಆಮೇಲೆ ಹೆಡ್ ಸೂಚ್ಯಂಕ (ಎಲ್ಲಿಯವರೆಗೆ ಬರೆದಾಗಿದೆ ಎಂಬ ಗುರುತು) ಬರೆಯುತ್ತದೆ. ಓದುವ ಕೋರ್ ಆ ಗುರುತು ನೋಡಿ ಡೇಟಾ ಓದುತ್ತದೆ. ಎಕ್ಸ್86ನಲ್ಲಿ ಸ್ಟೋರ್‌ಗಳು (ಮೆಮೊರಿಗೆ ಬರೆದದ್ದು) ಬೇರೆ ಕೋರ್‌ಗಳಿಗೂ ಅದೇ ಕ್ರಮದಲ್ಲಿ ಕಾಣುತ್ತವೆ. ಆರ್ಮ್‌ನಲ್ಲಿ ಆ ಖಾತ್ರಿಯಿಲ್ಲ. ಮೀನಿನ ಬುಟ್ಟಿ ದಡ ಮುಟ್ಟುವ ಮೊದಲೇ ಹರಾಜು ಕೂಗಿದ ಹಾಗೆ, ಹೆಡ್ ಮುಂದೆ ಹೋಗಿರುತ್ತದೆ, ಡೇಟಾ ಇನ್ನೂ ಬಂದಿರುವುದಿಲ್ಲ.

ಚರಕ್ಕೆ ಸಿ ಭಾಷೆಯ ವೊಲಟೈಲ್ ಪದ ಸೇರಿಸಿದರೆ ಸಾಲದು, ಅದು ಕ್ರಮ ಬದಲಿಸದಂತೆ ಕಂಪೈಲರನ್ನಷ್ಟೇ ತಡೆಯುತ್ತದೆ, ಪ್ರೊಸೆಸರನ್ನಲ್ಲ. ಹೆಡ್ ಬರೆಯುವಲ್ಲಿ ಕರ್ನಲ್‌ನ ಎಸ್‌ಎಂಪಿ_ಸ್ಟೋರ್_ರಿಲೀಸ್ (ಇದರ ಹಿಂದಿನ ಕೆಲಸ ಮುಂದಕ್ಕೆ ಜಾರದು), ಓದುವಲ್ಲಿ ಎಸ್‌ಎಂಪಿ_ಲೋಡ್_ಅಕ್ವೈರ್ (ಇದರ ಮುಂದಿನ ಕೆಲಸ ಹಿಂದಕ್ಕೆ ಜಾರದು) ಹಾಕಬೇಕು. ಎರಡೂ ಜೋಡಿಯಾಗಿ ಇರಲೇಬೇಕು. ಒಂದೇ ಕಡೆ ಹಾಕಿ ಕೈಬಿಡುವುದೇ ಹೆಚ್ಚು ಕಾಣುವ ತಪ್ಪು. ಟೇಲ್‌ಗೂ (ಎಲ್ಲಿಯವರೆಗೆ ಓದಿಯಾಗಿದೆ ಎಂಬ ಗುರುತು) ಇದೇ ಜೋಡಿ ಬೇಕು, ಇಲ್ಲದಿದ್ದರೆ ಓದಿ ಮುಗಿಯದ ಜಾಗದ ಮೇಲೆ ಹೊಸ ಅಳತೆ ಬಂದು ಕೂರುತ್ತದೆ.

ಒಂದು ಎಚ್ಚರಿಕೆ: ಒಂದು ಚರ ಬರೆದು ತಕ್ಷಣ ಇನ್ನೊಂದನ್ನು ಓದುವ ಕಡೆ ರಿಲೀಸ್-ಅಕ್ವೈರ್ ಸಾಲದು. ಅಲ್ಲಿ ಎಕ್ಸ್86 ಕೂಡ ಕ್ರಮ ತಪ್ಪಿಸುತ್ತದೆ. ಎರಡೂ ಕೋರ್‌ಗಳಲ್ಲಿ, ಬರೆಯುವುದಕ್ಕೂ ಓದುವುದಕ್ಕೂ ನಡುವೆ, ಎಸ್‌ಎಂಪಿ_ಎಂಬಿ (ಪೂರ್ಣ ತಡೆ) ಬೇಕು.

ಬೋರ್ಡ್ ಓಡಿಸಿ ನೋಡಿ ನಂಬಬೇಡಿ. ಕರ್ನಲ್‌ನ ಟೂಲ್ಸ್/ಮೆಮೊರಿ-ಮಾಡೆಲ್ ಫೋಲ್ಡರಿನಲ್ಲಿ ಹರ್ಡ್7ಗೆ (ಸಾಧ್ಯವಿರುವ ಎಲ್ಲ ಕ್ರಮಗಳನ್ನೂ ಪರಿಶೀಲಿಸುವ ಉಪಕರಣ) ಚಿಕ್ಕ ಲಿಟ್ಮಸ್ ಪರೀಕ್ಷೆ, ಅಂದರೆ ಈ ಬರಹ-ಓದುಗಳದ್ದೇ ಪುಟ್ಟ ಮಾದರಿ ಕೋಡ್, ಕೊಡಿ. ತಪ್ಪು ಫಲಿತಾಂಶಕ್ಕೆ ‘ನೆವರ್’ (ಎಂದೂ ಆಗದು) ಎಂದು ಬರಬೇಕು.