ಮೀಟರಿನಲ್ಲಿ 12.6 ಇದ್ದರೂ ಸೆಲ್ಫ್ ಯಾಕೆ ಎಳೆಯಲ್ಲ: ನನ್ನ ಅನುಭವ

ಗಾಡಿ ಸ್ಟಾರ್ಟ್ ಆಗದಿದ್ದಾಗ ಮೀಟರಿನಲ್ಲಿ 12.6 ವೋಲ್ಟ್ (ತುಂಬಿದ ಬ್ಯಾಟರಿಯ ಲೆಕ್ಕ) ಕಂಡ ಕೂಡಲೇ ವೈರಿಂಗ್ ಲೈನ್ ಸರಿ ಇದೆ ಅಂತ ತೀರ್ಮಾನಿಸಿ, ಬ್ಯಾಟರಿ, ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್), ಡೈನಮೋ ಒಂದೊಂದಾಗಿ ಬದಲಿಸುವವರು ನಮ್ಮ ದಾವಣಗೆರೆಯಲ್ಲಿ ಬೇಕಾದಷ್ಟು ಜನ. ಲೋಡ್ ಇಲ್ಲದೆ, ಅಂದರೆ ಏನೂ ಕರೆಂಟ್ ಎಳೆಯದಿರುವಾಗ, ಅಳೆದ ವೋಲ್ಟೇಜನ್ನು ನಾನು ನಂಬುವುದಿಲ್ಲ. ಕರೆಂಟ್ ಹರಿಯುವಾಗ ವೈರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟೇಜ್ ಬೀಳುತ್ತೆ (ಡ್ರಾಪ್) ಅನ್ನುವುದೇ ನನಗೆ ಮುಖ್ಯ. "ಮೀಟರ್ ಹಿಡ್ಕಂಡು ಕುಂತ್ರೆ ಹೊಟ್ಟೆ ತುಂಬುತ್ತೇನಣ್ಣ?" ಅಂದವರೇ ಈಗ ನನ್ನ ಹತ್ತಿರ ಗಾಡಿ ಕಳಿಸುತ್ತಾರೆ.

ಅದಕ್ಕೆ ಕಾರಣ ಚಿತ್ರದುರ್ಗ ಜಿಲ್ಲೆಯ ಗಣಿ ಊರು ಭೀಮಸಮುದ್ರದ ಕಡೆಯ ಒಂದು ಡೀಸೆಲ್ ಕಾರು. ಬೆಳಿಗ್ಗೆ ಸೆಲ್ಫ್ ಎಳೆಯುತ್ತಲೇ ಇರಲಿಲ್ಲ. ಮಾಲೀಕರು ಅಷ್ಟರಲ್ಲಿ ಎರಡು ಬ್ಯಾಟರಿ ಹಾಕಿಸಿ, ಸೆಲ್ಫ್ ಬಿಚ್ಚಿಸಿ ಬುಷ್, ಕಾರ್ಬನ್ ಬದಲಿಸಿ, ಹದಿನೈದು ಸಾವಿರದ ಹತ್ತಿರ ಕಳೆದುಕೊಂಡಿದ್ದರು. ಮೀಟರನ್ನು ಓಮ್ಸ್‌ಗೆ (ತಡೆ ಅಳೆಯುವ ರೇಂಜ್) ಇಟ್ಟರೆ ಅರ್ತ್ ಕೇಬಲ್, ಅಂದರೆ ಬ್ಯಾಟರಿ ನೆಗೆಟಿವ್‌ನಿಂದ ಇಂಜಿನ್‌ಗೆ ಹೋಗುವ ವೈರ್, ಸೊನ್ನೆ ತೋರಿಸಿತು, ಬಜರ್ ಕೂಗಿತು. ಎಲ್ಲರೂ ಏಮಾರುವುದು ಇಲ್ಲೇ. ಸೆಲ್ಫ್ ತಿರುಗುವಾಗ ನೂರೈವತ್ತು ಆಂಪಿಯರ್ ಎಳೆದರೆ, ಓಮಿನ ನೂರನೇ ಒಂದು ಭಾಗದ ತಡೆಯೂ ಒಂದೂವರೆ ವೋಲ್ಟ್ ನುಂಗುತ್ತೆ. ಅಷ್ಟು ಸಣ್ಣ ತಡೆ ನಮ್ಮ ಮೀಟರಿಗೆ ಸಿಗಲ್ಲ.

ಮೀಟರನ್ನು 20 ಡಿಸಿ ವೋಲ್ಟಿಗೆ ಇಟ್ಟು, ಒಂದು ಪ್ರೋಬನ್ನು ನೆಗೆಟಿವ್ ಪೋಸ್ಟಿನ ಸೀಸಕ್ಕೇ ಒತ್ತಿ (ಕ್ಲಾಂಪಿಗಲ್ಲ), ಇನ್ನೊಂದನ್ನು ಇಂಜಿನ್ ಬ್ಲಾಕಿಗೆ ಹಿಡಿದು, ಹುಡುಗನಿಗೆ ಕೀ ತಿರುಗಿಸಲು ಹೇಳಿದೆ. 1.6ರ ಆಸುಪಾಸು! 0.2 ದಾಟಿದರೇ ನನಗೆ ಅನುಮಾನ. ಬೋಲ್ಟ್ ಬಿಚ್ಚಿದರೆ ಲಗ್ಗಿನಡಿ (ಕೇಬಲ್ ತುದಿಯ ಬಳೆ) ಕೆಂಪು ಮೈನ್ಸ್ ಧೂಳು, ತುಕ್ಕು. ಇನ್ಸುಲೇಷನ್ ಸೀಳಿದರೆ ತಾಮ್ರವೆಲ್ಲ ಹಸಿರು. 35 ಸ್ಕ್ವೇರ್ ಎಂಎಂ ಕೇಬಲ್, ಲಗ್, ಕ್ರಿಂಪಿಂಗ್ ಎಲ್ಲ ಸೇರಿ ಏಳುನೂರರೊಳಗೆ ಆಯಿತು, ಕೂಲಿ ಐನೂರು. ಡ್ರಾಪ್ 0.1ಕ್ಕೆ ಇಳಿಯಿತು, ಅರ್ಧ ಸುತ್ತಿಗೇ ಸ್ಟಾರ್ಟ್.

ಹೆಡ್‌ಲೈಟ್, ಫ್ಯಾನ್ ಲೈನಿಗೆ ಎಲ್‌ಇಡಿ ಟೆಸ್ಟರ್ ಬೇಡ. 21 ವ್ಯಾಟ್ ಇಂಡಿಕೇಟರ್ ಬಲ್ಬ್ ಕಟ್ಟಿ ನೋಡಿ. ಒಳಗೇ ತುಕ್ಕು ಹಿಡಿದು ತಡೆ ಹೆಚ್ಚಾದ ವೈರಿನಲ್ಲೂ ಮೀಟರ್ 12 ತೋರಿಸುತ್ತೆ, ಆದರೆ ಬಲ್ಬ್ ಮಂಕಾಗುತ್ತೆ. ಇಸಿಎಂ (ಇಂಜಿನ್ ಕಂಪ್ಯೂಟರ್), ಏರ್‌ಬ್ಯಾಗ್ ವೈರಿಗೆ ಮಾತ್ರ ಈ ಬಲ್ಬ್ ಮುಟ್ಟಿಸಲೇಬೇಡಿ.

ಇದೇ ಡ್ರಾಪ್ ಲೆಕ್ಕವನ್ನು ನಿಂತಲ್ಲೇ ಬ್ಯಾಟರಿ ಇಳಿಯುವ ಗಾಡಿಗಳ ಮೇಲೂ ಹಾಕಿ ನೋಡಿದೆ. ಫ್ಯೂಸ್ ಕಿತ್ತು ಹಾಕಿದರೆ ಗಾಡಿ ನಿಂತ ಮೇಲೆ ಮಲಗಿದ್ದ (ಕರೆಂಟ್ ಎಳೆಯುವುದು ಕಡಿಮೆ ಮಾಡಿದ್ದ) ಎಲೆಕ್ಟ್ರಾನಿಕ್ ಮಾಡ್ಯೂಲ್ ಎದ್ದುಬಿಡುತ್ತೆ. ಅದಕ್ಕೇ ಕೀಳದೆ, ಫ್ಯೂಸಿನ ತಲೆಯ ಎರಡು ಚುಕ್ಕೆಗಳ ಮೇಲೆ 200 ಮಿಲಿವೋಲ್ಟ್ ರೇಂಜಿನಲ್ಲಿ ಅಳೆಯುತ್ತೇನೆ. 10 ಆಂಪಿಯರ್ ಫ್ಯೂಸಿನ ಮೇಲೆ ಎರಡು ಮಿಲಿವೋಲ್ಟ್ ಕಂಡರೆ ಕಾಲು ಆಂಪಿಯರ್ ಸೋರುತ್ತಿದೆ ಅಂತ ಲೆಕ್ಕ. ಡೋರ್ ತೆಗೆದಿದ್ದರೂ ಗಾಡಿಯನ್ನು ಮಲಗಿಸುವ ಉಪಾಯ ಒಂದು ನನ್ನಲ್ಲಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ. ಗಾಡಿ ತಾನೇ ಮಲಗಲು ಅರ್ಧ ಗಂಟೆ ಕಾದರೆ ನಿಮಗೂ ಸರಿಯಾದ ರೀಡಿಂಗ್ ಸಿಗುತ್ತೆ. ಹೀಗೆ ಹುಡುಕಿದ ಒಂದು ಗಾಡಿಯಲ್ಲಿ, ಹೊರಗೆ ಹಾಕಿಸಿದ್ದ ಸ್ಟೀರಿಯೋ ರಾತ್ರಿಯಿಡೀ ಎಳೆಯುತ್ತಿತ್ತು. ಅದರ ಲೈನನ್ನು ಇಗ್ನಿಷನ್‌ಗೆ ಬದಲಿಸಿ ಮುನ್ನೂರು ತಗೊಂಡೆ.