ಕಲಾಯಿಯವರು ಬರದ ಊರಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದು ಹೇಗೆ

ಹಾಸನ, ಚಿಕ್ಕಮಗಳೂರು ಕಡೆಯ ಹಳೇ ಮನೆಗಳ ಅಟ್ಟ ಹತ್ತಿ ನೋಡಿದರೆ ಈಗಲೂ ಒಂದೆರಡು ಹಿತ್ತಾಳೆ ಪಾತ್ರೆ ಕವುಚಿ ಬಿದ್ದಿರುತ್ತವೆ. ಕೆಳಗಿಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಅದರಲ್ಲೇ ಬಸ್ಸಾರು ಮಾಡೋಣ ಅನ್ನುವ ಆಸೆ ಈಚೆಗೆ ಸುಮಾರು ಜನಕ್ಕೆ ಬಂದಿದೆ. ಒಳಗಿನ ಕಲಾಯಿ, ಅಂದರೆ ಒಳಮೈಗೆ ಬಳಿದ ತವರದ ತೆಳು ಪದರ, ಸವೆದುಹೋಗಿದ್ದರೆ ಆ ಬಸ್ಸಾರು ಬೇಡ. ಹುಳಿ ತಾಗಿದರೆ ಹಿತ್ತಾಳೆಯಲ್ಲಿರುವ ತಾಮ್ರ ಕಿಲುಬು ಬಿಡುತ್ತದೆ. ಕಿಲುಬು ಹೊಟ್ಟೆಗೆ ಹೋದರೆ ತೊಳಸು, ವಾಂತಿ ಬರಬಹುದು.

ಮೊದಲು ಕಲಾಯಿ ಹಾಕಲೆಂದೇ ಒಬ್ಬರು ಬರುತ್ತಿದ್ದರು. ಸೈಕಲ್ಲಿಗೆ ತಿದಿ, ಇದ್ದಿಲಿನ ಚೀಲ ಕಟ್ಟಿಕೊಂಡು ಬಂದು, ಅರಳಿಕಟ್ಟೆ ಹತ್ತಿರ ಗುಂಡಿ ತೋಡಿದರೆಂದರೆ ಸಂಜೆಯೊಳಗೆ ಕೇರಿಯ ಪಾತ್ರೆಯೆಲ್ಲ ಬೆಳ್ಳಿ ಬಣ್ಣಕ್ಕೆ ತಿರುಗುತ್ತಿದ್ದವು. ಹಾಸನ, ಶ್ರವಣಬೆಳಗೊಳಗಳಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗಳೇ ತಯಾರಾಗುತ್ತಿದ್ದ ಕಾಲವದು. ಅಲ್ಯುಮಿನಿಯಂ ಬಂದು ಕಲಾಯಿಯವರ ಅರ್ಧ ಕೆಲಸ ಕಿತ್ತುಕೊಂಡಿತು, ಸ್ಟೀಲು ಉಳಿದರ್ಧವನ್ನು. ಹಳೇ ಹಿತ್ತಾಳೆ ತೂಕಕ್ಕೆ ಕೊಟ್ಟು ಹೊಸ ಸ್ಟೀಲ್ ಡಬ್ಬಿ ತಗೊಂಡ ಮನೆಗಳಲ್ಲಿ ಕಲಾಯಿಗೆ ಕೊಡಲು ಪಾತ್ರೆಯೇ ಉಳಿಯಲಿಲ್ಲ. ಕಲಾಯಿಯವರ ಮಕ್ಕಳು ಬೇರೆ ಕಸುಬು ಹಿಡಿದರು. ತಪ್ಪೇನೂ ಇಲ್ಲ, ಆ ಹೊಗೆಯಲ್ಲಿ ದಿನವಿಡೀ ಕೂರುವುದು ಸುಖದ ಕೆಲಸವಲ್ಲ.

ಕೆಲಸ ಕಲಿಯಲು ಬರುತ್ತದೆ. ಮೊದಲು ಚಿಕ್ಕ ಪಾತ್ರೆ, ಮೂರು ಸೇರಿನೊಳಗಿನದು, ತಗೊಳ್ಳಿ. ಕೊಪ್ಪರಿಗೆಗೆ ಕೈ ಹಾಕಬೇಡಿ. ದೊಡ್ಡ ಪಾತ್ರೆಯ ಮೈಯೆಲ್ಲ ಒಂದೇ ಹದಕ್ಕೆ ಕಾಯಿಸುವುದು ಪಳಗಿದ ಕೈಗೂ ಕಷ್ಟ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಅಡುಗೆ ಮಾಡುವ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆಲ್ಲ ಬೇಕು. ಸ್ನಾನದ ನೀರು ಕಾಯಿಸುವ ಹಂಡೆಗೆ ಬೇಡ. ಬರೀ ಕುಡಿಯುವ ನೀರು ತುಂಬುವ ತಾಮ್ರದ ಚೊಂಬಿಗೂ ಬೇಡ, ಆದರೆ ಅದರಲ್ಲಿ ಮಜ್ಜಿಗೆ, ನಿಂಬೆ ಪಾನಕ ಇಡಬಾರದು. ಕಂಚಿನಲ್ಲಿ ತವರ ಮೊದಲೇ ಬೆರೆತಿರುವುದರಿಂದ ಊಟದ ಕಂಚಿನ ತಟ್ಟೆಗೆ ಕಲಾಯಿ ಹಾಕುವ ರೂಢಿಯಿಲ್ಲ.

ಒಲೆಗಿಡುವ ಮೊದಲು ಪಾತ್ರೆ ತಿರುಗಿಸಿ ಹಿಡಿ ನೋಡಿ. ಹಿಡಿಯನ್ನು ರಿವೆಟ್ ಹೊಡೆದು ಕೂರಿಸಿದ್ದರೆ ಚಿಂತೆಯಿಲ್ಲ. ಬೂದು ಬಣ್ಣದ ಬೆಸುಗೆಯಲ್ಲಿ ಅಂಟಿಸಿದ್ದರೆ, ಅಥವಾ ತಳದ ತೂತಿಗೆ ಅಂಥದೇ ತೇಪೆ ಇದ್ದರೆ, ಆ ಪಾತ್ರೆ ಬಿಟ್ಟುಬಿಡಿ. ತವರ ಕರಗುವುದು 232 ಡಿಗ್ರಿಗೆ, ಸೀಸ ಬೆರೆತ ಬೆಸುಗೆ ಅದಕ್ಕಿಂತ ಮೊದಲೇ, 183 ಡಿಗ್ರಿಯಿಂದಲೇ ಕರಗಲು ಶುರು. ಕಲಾಯಿ ಹತ್ತುವ ಹೊತ್ತಿಗೆ ಹಿಡಿ ಕಳಚಿ ಬಿದ್ದಿರುತ್ತದೆ. ಮೇಲಾಗಿ ಆ ಸೀಸ ಒಳಮೈಗೆ ಹರಿದರೆ ಪಾತ್ರೆ ಅಡುಗೆಗೆ ಕೆಟ್ಟಿತು.

ಸಾಮಾನು

ತವರ, ನವಸಾಗರ (ಅಮೋನಿಯಂ ಕ್ಲೋರೈಡ್), ಅರಳೆ, ಉದ್ದ ಹಿಡಿಯ ಇಕ್ಕಳ ಎರಡು, ದಪ್ಪ ಚರ್ಮದ ಕೈಗವಸು, ಕನ್ನಡಕ, ಪಾತ್ರೆ ಮುಳುಗುವಷ್ಟು ತಣ್ಣೀರಿನ ಬಾನಿ. ಇಷ್ಟೇ. 25 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಆಳದ ಪಾತ್ರೆಗೆ 20ರಿಂದ 30 ಗ್ರಾಂ ತವರ ಸಾಕು. ಪದರ ಅಷ್ಟು ತೆಳು. ದಪ್ಪ ಬಳಿದರೆ ಹೆಚ್ಚು ಬಾಳುತ್ತದೆ ಅಂದುಕೊಂಡು ಸುರಿದರೆ ತಳದಲ್ಲಿ ಮಡುಗಟ್ಟಿ ಗಂಟಾಗುತ್ತದೆ. ನವಸಾಗರ ಒಂದೆರಡು ಚಮಚ. ಗ್ರಂಧಿಗೆ ಅಂಗಡಿಯಲ್ಲಿ ಕೇಳಿ. ಅದು ಗಾಳಿಯ ತೇವ ಎಳೆದುಕೊಳ್ಳುವ ಉಪ್ಪು, ಮೂಡಿಗೆರೆ, ಸಕಲೇಶಪುರದ ಮಳೆಗಾಲದಲ್ಲಿ ಕಾಗದದ ಪೊಟ್ಟಣದಲ್ಲಿ ಇಟ್ಟರೆ ನಾಲ್ಕು ದಿನಕ್ಕೆ ಪಸೆಗಟ್ಟುತ್ತದೆ. ಬಿಗಿ ಮುಚ್ಚಳದ ಗಾಜಿನ ಶೀಶೆಯಲ್ಲಿಟ್ಟು, ಕೆಲಸದ ದಿನ ನುಣ್ಣಗೆ ಪುಡಿ ಮಾಡಿ. ಸುಣ್ಣದ ಡಬ್ಬಿಯ ಹತ್ತಿರಕ್ಕೂ ತರಬೇಡಿ, ಎರಡೂ ಬೆರೆತರೆ ಮೂಗಿಗೆ ಹೊಡೆಯುವ ಅಮೋನಿಯಾ ಏಳುತ್ತದೆ.

ಮೋಸವಿರುವುದು ತವರದಲ್ಲಿ. ಸೀಸ ಅಗ್ಗ, ತವರ ದುಬಾರಿ. ಹಾಗಾಗಿ ಬೆರಕೆ ಮಾಲು ಮಾರುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಕಡ್ಡಿಯನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿ: ಶುದ್ಧ ತವರ ಕಿರ್ರೆಂದು ಸಣ್ಣಗೆ ಸದ್ದು ಮಾಡುತ್ತದೆ. ಬಿಳೀ ಕಾಗದದ ಮೇಲೆ ಗೀಚಿ: ಸೀಸ ಹೆಚ್ಚಿದ್ದರೆ ಪೆನ್ಸಿಲಿನಂಥ ಬೂದು ಗೆರೆ ಬೀಳುತ್ತದೆ. ಇವೆರಡೂ ಒರಟು ಪರೀಕ್ಷೆಗಳು, ಸ್ವಲ್ಪ ಸೀಸವಿದ್ದರೆ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ 99.9 ಶೇಕಡಾ ಎಂದು ಬರೆದುಕೊಡುವ ಕಡೆಯೇ ಕೊಳ್ಳಿ. ರೇಡಿಯೊ ರಿಪೇರಿಯ ಬೆಸುಗೆ ತಂತಿಯನ್ನು ಯಾವ ಕಾರಣಕ್ಕೂ ಬಳಸಬೇಡಿ. 60/40 ಎಂದು ಬರೆದ ತಂತಿಯಲ್ಲಿ ನೂರಕ್ಕೆ 40 ಭಾಗ ಸೀಸ.

ತಿಕ್ಕುವುದು

ಕಲಾಯಿ ಕೆಟ್ಟಿದೆ ಅಂದರೆ ನೂರರಲ್ಲಿ ತೊಂಬತ್ತು ಸಲ ಕೆಟ್ಟಿರುವುದು ಇಲ್ಲೇ, ಬೆಂಕಿಗಿಡುವ ಮೊದಲೇ. ತವರ ಬರೀ ಲೋಹಕ್ಕೆ ಹತ್ತುತ್ತದೆ, ಜಿಡ್ಡಿಗೂ ಕಿಲುಬಿಗೂ ಹತ್ತುವುದಿಲ್ಲ.

ಮೊದಲು ಜಿಡ್ಡು ತೆಗೆಯಿರಿ. ನೀರಿಗೆ ಎರಡು ಚಮಚ ಬಟ್ಟೆಸೋಡಾ ಹಾಕಿ ಪಾತ್ರೆಯಲ್ಲೇ ಕಾಲು ಗಂಟೆ ಕುದಿಸಿ ಚೆಲ್ಲಿ. ಆಮೇಲೆ ನಿಂಬೆ ಗಾತ್ರದ ಹುಣಸೆಹಣ್ಣು ನೆನೆಸಿ, ಒಂದು ಹಿಡಿ ಕಲ್ಲುಪ್ಪು ಸೇರಿಸಿ ಒಳಮೈಗೆಲ್ಲ ಮೆತ್ತಿ, ಅರ್ಧ ಗಂಟೆ ಬಿಟ್ಟು, ಜರಡಿ ಹಿಡಿದ ಮರಳು ಹಾಕಿ ಗೋಣಿತಾಟಿನಲ್ಲಿ ತಿಕ್ಕಿ. ಕಲಾಯಿಯವರು ದೊಡ್ಡ ಪಾತ್ರೆಯೊಳಗೆ ಗೋಣಿ, ಮರಳು ಹಾಕಿ ಬರಿಗಾಲಲ್ಲಿ ನಿಂತು, ಗೋಡೆ ಹಿಡಿದು ಸೊಂಟ ತಿರುಗಿಸುತ್ತಿದ್ದುದು ಇದಕ್ಕೇ. ಕೈಗಿಂತ ಕಾಲಿನ ಮೇಲೆ ಮೈಭಾರ ಬೀಳುತ್ತದೆ. ಅವರಲ್ಲಿ ಕೆಲವರು ತೇಜಾಬು, ಅಂದರೆ ಪ್ರಬಲ ಆಮ್ಲ, ಬಳಸುತ್ತಿದ್ದರು. ಮನೆ ಕೆಲಸಕ್ಕೆ ಅದು ಬೇಡ, ಹುಣಸೆ ನಿಧಾನವಾದರೂ ಸಾಕು.

ಹಳೇ ಕಲಾಯಿ ಅಲ್ಲಲ್ಲಿ ಉಳಿದಿದ್ದರೆ ಕೆರೆದು ತೆಗೆಯಬೇಕಿಲ್ಲ, ಹೊಸ ತವರ ಅದರ ಜತೆ ಕರಗಿ ಬೆರೆಯುತ್ತದೆ. ಆದರೆ ಹಿಂದೆ ಹಾಕಿದ ತವರ ಎಂಥದೆಂದು ಗೊತ್ತಿಲ್ಲದಿದ್ದರೆ, ಪಾತ್ರೆ ಕಾಯಿಸಿ ಹಳೆಯದನ್ನು ಅರಳೆಯಿಂದ ಒರೆಸಿ ತೆಗೆಯುವುದೇ ಕ್ಷೇಮ.

ಕೊನೆಗೆ ನೀರು ಸುರಿದು ಓರೆ ಮಾಡಿ ನೋಡಿ. ನೀರು ಒಂದೇ ಹಾಳೆಯಂತೆ ಮೈಯೆಲ್ಲ ಹಬ್ಬಿದರೆ ಶುದ್ಧವಾಗಿದೆ. ಕೆಸುವಿನೆಲೆಯ ಮೇಲಿನ ಹಾಗೆ ಹನಿಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ, ಮತ್ತೆ ತಿಕ್ಕಿ. ಶುದ್ಧವಾದ ಮೇಲೆ ಒಳಗೆ ಬೆರಳು ತಾಗಿಸಬೇಡಿ, ಒಂದು ಬೆರಳ ಗುರುತು ಸಾಕು ಅಲ್ಲಿ ಕಪ್ಪು ಚುಕ್ಕೆ ಏಳಲು. ತಿಕ್ಕಿದ ದಿನವೇ ಕಲಾಯಿ ಹಾಕಿ.

ಬೆಂಕಿ

ಬಯಲಲ್ಲಿ, ಮಾಗಿಯಿಂದ ಬೇಸಗೆಯವರೆಗಿನ ಒಣ ದಿನಗಳಲ್ಲಿ. ಒಂದಡಿ ಅಗಲ, ಮುಕ್ಕಾಲಡಿ ಆಳದ ಗುಂಡಿ ತೋಡಿ, ಒಂದಂಗುಲದ ಕಬ್ಬಿಣದ ಕೊಳವೆಯನ್ನು ತಳಕ್ಕೆ ತಾಗುವಂತೆ ಓರೆಯಾಗಿ ಹೂತು, ಆಚೆ ತುದಿಗೆ ತಿದಿ ಅಥವಾ ಕೈಯಲ್ಲಿ ತಿರುಗಿಸುವ ಬ್ಲೋವರ್ ಜೋಡಿಸಿ. ಕರಟದ ಇದ್ದಿಲು ಒಳ್ಳೆಯದು, ಅರಸೀಕೆರೆ ಕಡೆ ಕರಟಕ್ಕೇನು ಬರ? ತೋಟದವರಿಗೆ ಕಾಫಿ ಗಿಡದ ಬೊಡ್ಡೆಯ ಇದ್ದಿಲೂ ಆದೀತು. ಸೌದೆ ಉರಿ ಬೇಡ, ಹೊಗೆಯ ಮಸಿ ಒಳಗೆ ಕೂರುತ್ತದೆ. ಇದೆಲ್ಲ ರಗಳೆ ಅನ್ನಿಸಿದರೆ ಮದುವೆ ಅಡುಗೆಯವರ ದೊಡ್ಡ ಗ್ಯಾಸ್ ಒಲೆಯನ್ನು ಅಂಗಳದಲ್ಲಿ ಇಟ್ಟುಕೊಳ್ಳಿ. ಅಡುಗೆಮನೆಯೊಳಗೆ ಮಾತ್ರ ಮಾಡಬೇಡಿ.

ನವಸಾಗರ ಕಾದ ಲೋಹದ ಮೇಲೆ ಬಿದ್ದರೆ ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿ ಒಡೆಯುತ್ತದೆ. ಆ ಆಮ್ಲವೇ ಲೋಹದ ಮೇಲೆ ಉಳಿದ ತುಕ್ಕನ್ನು ತಿಂದು ಮೈ ಬೆಳಗಿಸುವುದು. ದಟ್ಟ ಬಿಳೀ ಹೊಗೆ ಏಳುವುದೂ ಅದರಿಂದಲೇ. ಕಣ್ಣು, ಗಂಟಲು ಉರಿಸುತ್ತದೆ. ಗಾಳಿ ನಿಮ್ಮ ಬೆನ್ನಿನಿಂದ ಬೀಸುವಂತೆ ಕೂತು, ಮಕ್ಕಳನ್ನೂ ಉಬ್ಬಸದವರನ್ನೂ ದೂರ ಕಳಿಸಿ.

ತವರ ಬಳಿಯುವುದು

ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ತಿರುಗಿಸುತ್ತಾ ಕಾಯಿಸಿ. ಹದ ಗೊತ್ತಾಗಲು ಕಾಗದದ ಚೂರನ್ನು ಹೊರಮೈಗೆ ತಾಗಿಸಿ. ಕಂದಾಗಿ ಹೊಗೆಯಾಡಿದರೆ ಹತ್ತಿರ ಬಂದಿದೆ. ಈಗ ಒಂದು ಚಿಟಿಕೆ ನವಸಾಗರ ಉದುರಿಸಿ, ಇನ್ನೊಂದು ಇಕ್ಕಳದಲ್ಲಿ ಹಿಡಿದ ಒಣ ಅರಳೆ ಉಂಡೆಯಿಂದ ಸವರಿ. ಮಂಕಾಗಿದ್ದ ಮೈ ಸಟ್ಟನೆ ಬೆಳಗುತ್ತದೆ. ಬೆಳಗಿದ ಜಾಗಕ್ಕೇ, ಬೆಳಗಿದ ಗಳಿಗೆಯಲ್ಲೇ, ತವರದ ಕಡ್ಡಿ ಮುಟ್ಟಿಸಿ. ಕಡ್ಡಿಯ ತುದಿ ಬೆಣ್ಣೆಯ ಹಾಗೆ ಜಾರಿ ಹರಡಿದರೆ ಹದ ಸರಿಯಿದೆ. ಗುಂಡಗೆ ಉರುಳಾಡಿದರೆ ಪಾತ್ರೆ ಇನ್ನೂ ಕಾದಿಲ್ಲ, ಇಲ್ಲವೇ ಅಲ್ಲಿ ಕೊಳೆಯಿದೆ.

ಬಿದ್ದ ತವರವನ್ನು ಅರಳೆಯಿಂದ ಒತ್ತಿ, ಒಂದೇ ಕಡೆಗೆ, ಬೇಗ ಬೇಗ ಎಳೆಯಿರಿ. ಹಿಂದೆಮುಂದೆ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಪಕ್ಕಗಳನ್ನು ಅಂಗೈ ಅಗಲದ ತುಂಡುತುಂಡಾಗಿ ಮುಗಿಸಿ, ಯಾವ ಪಕ್ಕ ಬಳಿಯುತ್ತೀರೋ ಆ ಪಕ್ಕ ಕೆಂಡದ ಕಡೆಗಿರಲಿ. ತಳ ಕೊನೆಗೆ, ಏಕೆಂದರೆ ಪಕ್ಕಗಳಿಂದ ಇಳಿದ ಹೆಚ್ಚಿನ ತವರ ಅಲ್ಲಿ ಸೇರಿರುತ್ತದೆ, ಅದನ್ನೇ ಹರಡಬಹುದು. ಅರಳೆ ಕರಿದಾದರೆ ಬದಲಿಸಿ, ಕೆಲವೊಮ್ಮೆ ಹತ್ತಿಕೊಂಡೇ ಉರಿಯುತ್ತದೆ, ಬೆರಳಲ್ಲಿ ಹಿಡಿಯಬಾರದು ಅನ್ನುವುದು ಇದಕ್ಕೇ.

ಬೆಂಕಿಯಿಂದ ತೆಗೆದ ಮೇಲೆ ತಳದಲ್ಲಿ ನಿಂತ ತವರವನ್ನು ಒರೆಸಿ ತೆಗೆಯಿರಿ. ಕನ್ನಡಿಯಂತಿದ್ದ ಮೈ ತುಸು ಬಿಳುಪಾಗಿ ಗಟ್ಟಿಯಾಗಲು ಕೆಲವು ಕ್ಷಣ ಕೊಟ್ಟು, ಆಮೇಲೆ ನೀರಲ್ಲಿ ಮುಳುಗಿಸಿ. ಕರಗಿದ ತವರ ಇರುವಾಗಲೇ ಅದ್ದಿದರೆ ಹನಿ ಸಿಡಿದು ಮುಖಕ್ಕೆ ಬರುತ್ತದೆ.

ಏನು ಕೆಡುತ್ತದೆ, ಯಾಕೆ

ಕಪ್ಪು ಚುಕ್ಕೆ: ಜಿಡ್ಡು. ಆ ಜಾಗ ಮರಳಿನಲ್ಲಿ ತಿಕ್ಕಿ, ಮತ್ತೆ ಕಾಯಿಸಿ, ಅಷ್ಟಕ್ಕೇ ಬಳಿಯಿರಿ. ಹಳದಿ ಅಥವಾ ನೀಲಿ ಛಾಯೆ: ಕಾವು ಹೆಚ್ಚಾಗಿ ತವರ ಸುಟ್ಟಿದೆ. ಹೊಸಬರು ಮಾಡುವ ತಪ್ಪು ಇದೇ, ತವರ ಹತ್ತಲಿಲ್ಲವೆಂದು ತಿದಿ ಒತ್ತುತ್ತಲೇ ಹೋಗುತ್ತಾರೆ. ಕೊಳೆಯಿಂದ ಹತ್ತದಿದ್ದುದು ಕಾವಿನಿಂದ ಹತ್ತುವುದಿಲ್ಲ. ನವಸಾಗರ ಬಿದ್ದ ಕೂಡಲೇ ಬೆಳಗದೆ ಬರೀ ಹೊಗೆಯಾಗಿ ಹಾರಿಹೋದರೆ ಕಾವು ಮೀರಿದೆ, ಪಾತ್ರೆ ಮೇಲೆತ್ತಿ. ಹಿತ್ತಾಳೆ ಮಂದ ಕೆಂಪಿಗೆ ಬಂದರಂತೂ ಲೋಹವೇ ಮೆತ್ತಗಾಗಿ ಇಕ್ಕಳದ ಒತ್ತಿಗೆ ಕಂಠ ಸೊಟ್ಟಗಾಗುತ್ತದೆ.

ಬಳಿದು ಎರಡು ದಿನಕ್ಕೆ ಅಂಚಿನಲ್ಲಿ ಹಸಿರು ಕಂಡರೆ ನವಸಾಗರ ಸರಿಯಾಗಿ ತೊಳೆದಿಲ್ಲ. ಹೊಸ ಕಲಾಯಿ ಪಾತ್ರೆಯನ್ನು ಸೀಗೆಪುಡಿ ಹಾಕಿ ಮೆತ್ತಗೆ ತೊಳೆದು, ಎರಡು ಸಲ ನೀರು ಕುದಿಸಿ ಚೆಲ್ಲಿದ ಮೇಲೆಯೇ ಅಡುಗೆಗಿಡಿ. ಬಳಸುತ್ತಾ ಹೊಳಪು ಹೋಗಿ ಬೂದಾಗುವುದು ಸಹಜ, ಅದು ದೋಷವಲ್ಲ.

ಬಳಸುವಾಗ

ಬರಿದು ಪಾತ್ರೆ ಉರಿಯ ಮೇಲಿಟ್ಟು ಮರೆತರೆ ಕಲಾಯಿ ಕರಗಿ ತಳಕ್ಕೆ ಇಳಿಯುತ್ತದೆ. ನೀರು ಹಾಕಿಯೇ ಒಲೆಗಿಡಿ, ನೀರಿರುವ ತನಕ ಒಳಮೈ ನೂರು ಡಿಗ್ರಿ ದಾಟುವುದಿಲ್ಲ. ಒಗ್ಗರಣೆ ಅದರಲ್ಲಿ ಹಾಕಬೇಡಿ. ಹೊಗೆಯಾಡುವ ಎಣ್ಣೆ ತವರ ಕರಗುವ ಕಾವಿಗೆ ತೀರಾ ಹತ್ತಿರ. ಕಬ್ಬಿಣದ ಸೌಟಿನಲ್ಲಿ ಮಾಡಿ ಮೇಲೆ ಸುರಿಯಿರಿ. ಕೈಯಾಡಲು ಮರದ ಸೌಟು, ತೊಳೆಯಲು ತೆಂಗಿನ ನಾರು. ಸ್ಟೀಲ್ ಜುಂಗು ಹಾಕಿ ತಿಕ್ಕಿದರೆ ಆರು ತಿಂಗಳು ಬರುವ ಕಲಾಯಿ ಆರು ವಾರಕ್ಕೆ ಹೋಗುತ್ತದೆ. ಹುಳಿ ಸಾರು ಮಾಡಿದ್ದನ್ನು ರಾತ್ರಿಯಿಡೀ ಅದರಲ್ಲೇ ಬಿಡದೆ ಬೇರೆ ಪಾತ್ರೆಗೆ ಬಗ್ಗಿಸಿ.

ದಿನಾ ಬಳಸುವ ಪಾತ್ರೆಯ ತಳವನ್ನು ತಿಂಗಳಿಗೊಮ್ಮೆ ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ನಡುವೆ ಕಾಸಿನಗಲ ಹಳದಿಯೋ ಕೆಂಪೋ ಇಣುಕಿದರೆ ಅವತ್ತಿಗೆ ಅದರ ಅಡುಗೆ ನಿಲ್ಲಿಸಿ, ಮತ್ತೆ ಕಲಾಯಿ ಹಾಕುವವರೆಗೆ ಅಕ್ಕಿ ಬೇಳೆ ತುಂಬಿಡಲು ಬಳಸಿಕೊಳ್ಳಿ.