ಕೆರೆ ಪಕ್ಕದ ಬಡಾವಣೆಯಲ್ಲಿ ಮನೆ ಕೊಳ್ಳುವ ಮುನ್ನ

ಬೆಂಗಳೂರಿನ ಬೆಳ್ಳಂದೂರು, ವರ್ತೂರು, ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ ಕೆರೆ ಕಾಣುವ ಮನೆಗೆ ಬೆಲೆ ಜಾಸ್ತಿ. ಕೊಳ್ಳುವವರು ದಾಖಲೆ ಪತ್ರಗಳಿಗೂ ಮುಂಚೆ ನೀರಿನ ದಾರಿಯನ್ನು ತಿಳಿದುಕೊಳ್ಳಬೇಕು. ಇಲ್ಲಿನ ಕೆರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ; ಬೆಳ್ಳಂದೂರಿನ ಕೋಡಿ (ಕೆರೆ ತುಂಬಿದಾಗ ಹೆಚ್ಚುವರಿ ನೀರು ಹರಿದುಹೋಗುವ ಜಾಗ) ನೀರು ವರ್ತೂರಿಗೂ ಅಲ್ಲಿಂದ ದಕ್ಷಿಣ ಪಿನಾಕಿನಿಗೂ ಹೋಗುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರಿನ ಕೋಟಿ ಬೆಲೆಯ ಮನೆಗಳವರೂ ದೋಣಿ, ಟ್ರ್ಯಾಕ್ಟರ್ ಹತ್ತಿ ಹೊರಬರಬೇಕಾಯಿತು.

ಆದ್ದರಿಂದ ಮೊದಲು ಕೆರೆ ಏರಿಯ ಮೇಲೆ ಒಮ್ಮೆ ನಡೆದು, ಕೋಡಿ ಎಲ್ಲಿದೆ, ಗದ್ದೆಗೆ ನೀರು ಬಿಡುವ ತೂಬು ಯಾವ ಕಡೆ ತೆರೆಯುತ್ತದೆ, ನೀವು ನೋಡಿದ ಮನೆ ಏರಿಯ ಕೆಳಗಿನ ಹಳೆಯ ಅಚ್ಚುಕಟ್ಟಿನಲ್ಲಿದೆಯೇ (ಕೆರೆ ನೀರು ಹಾಯುತ್ತಿದ್ದ ಗದ್ದೆಗಳ ಜಾಗ) ಎಂಬುದನ್ನು ಗುರುತಿಸಿಕೊಳ್ಳಿ. ಭತ್ತ ಬೆಳೆಯುತ್ತಿದ್ದ ಗದ್ದೆ ತಗ್ಗಿನಲ್ಲೇ ಇರುತ್ತದೆ, ಮಣ್ಣು ತುಂಬಿ ಎತ್ತರಿಸಿದರೆ ನೀರು ಪಕ್ಕದವರ ಮನೆಗೆ ನುಗ್ಗುತ್ತದೆ. ಕಾಂಪೌಂಡ್ ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ ಉಳಿದ ಕೆಸರಿನ ಗೆರೆಯನ್ನೂ, ನೆಲಮಾಳಿಗೆಯಿಂದ ಮೇಲಕ್ಕೆ ಸ್ಥಳಾಂತರಿಸಿದ ಮೀಟರ್ ಬೋರ್ಡನ್ನೂ ಗಮನಿಸಿ ಕಾರಣ ಕೇಳಿ. ಹಳೆಯ ಊರಿನ ಹಿರಿಯರು ಮಾರಾಟದವರಿಗಿಂತ ನೇರವಾಗಿ ಉತ್ತರಿಸುತ್ತಾರೆ.

ಬಳಿಕ ಜಮೀನಿನ ಸರ್ವೆ ವಿವರ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ತೆಗೆದು, ಅದನ್ನು ಗ್ರಾಮ ನಕಾಶೆಯ ಜೊತೆ ಹೋಲಿಸಿ ನೋಡಿ. ನೆಲದ ಮೇಲೆ ಮಾಯವಾದ ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ನಕಾಶೆಯಲ್ಲಿ ಹಾಗೇ ಉಳಿದಿರುತ್ತದೆ. ಪಹಣಿಯಲ್ಲಿ (ಜಮೀನಿನ ಹಕ್ಕು, ಬೆಳೆಯ ದಾಖಲೆ) ಖರಾಬು, ಅಂದರೆ ಸಾಗುವಳಿಗೆ ಬಾರದ ಭೂಮಿಯ ಅಂಕಣವನ್ನು ಓದದೆ ಬಿಡಬಾರದು. ‘ಬಿ’ ಖರಾಬು ಎಂದಿದ್ದರೆ ಅದು ಸಾರ್ವಜನಿಕ ಭೂಮಿ, ಅದನ್ನು ಯಾರೂ ಮಾರುವಂತಿಲ್ಲ.

ಕೆರೆ, ಕಾಲುವೆಗಳ ಅಂಚಿನಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ವಲಯದ ಅಳತೆ ಗೊಂದಲದ ವಿಷಯ. 2015ರವರೆಗಿನ ಬೆಂಗಳೂರಿನ ಮಹಾಯೋಜನೆ (ನಗರದ ಬೆಳವಣಿಗೆಯ ಯೋಜನೆ) ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಗೆ ತಕ್ಕಂತೆ ನಡುಭಾಗದಿಂದ 50, 25, 15 ಮೀಟರ್ ಎಂದಿತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹೀಗಾಗಿ ಕಟ್ಟಡದ ನಕ್ಷೆ ಯಾವ ವರ್ಷ ಮಂಜೂರಾಯಿತೆಂದು ನೋಡಿ, ಈಗಿನ ನಿಯಮವನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯುವುದು ಕ್ಷೇಮ.

ಋಣಭಾರ ಪತ್ರ (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳ ದಾಖಲೆ), ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಎಲ್ಲ ಕಡೆಯಂತೆ ಇಲ್ಲಿಯೂ ಬೇಕು. ಕೊಳಚೆ ನೀರಿನ ಸಂಸ್ಕರಣಾ ಘಟಕ ನಿಜಕ್ಕೂ ನಡೆಯುತ್ತಿದೆಯೇ, ಮಿಕ್ಕ ನೀರು ಎಲ್ಲಿ ಸೇರುತ್ತದೆ ಎಂಬುದನ್ನು ಘಟಕ ನೋಡಿಕೊಳ್ಳುವವರ ಬಳಿಯೇ ವಿಚಾರಿಸಿ. ಮುಂಗಡ ಕೊಡುವುದಕ್ಕೆ ಮೊದಲು, ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಇನ್ನೊಮ್ಮೆ ಜಾಗಕ್ಕೆ ಹೋಗಿ ಬನ್ನಿ.